ಪಟ್ಟಿಗೆ ಸಿಗದ ಮೇಷ್ಟ್ರುಗಳು

ಬಿ.ಎಡ್. ಕಾಲೇಜುಗಳ ಸ್ಮರಣ ಸಂಚಿಕೆಗಳನ್ನು ಓದುವುದು ನನಗೆ ಅಂಟಿಕೊಂಡಿರುವ ಹಳೆಯ ಚಟ. ರಜತ ಮಹೋತ್ಸವವೋ ಸುವರ್ಣ ಮಹೋತ್ಸವವೋ ನಡೆದಾಗ ಯಾರಾದರೂ ಸ್ನೇಹಿತರು ಒಂದು ಪ್ರತಿ ತಂದುಕೊಡುತ್ತಾರೆ. ಎಲ್ಲದರ ಕ್ರಮವೂ ಹೆಚ್ಚುಕಡಿಮೆ ಒಂದೇ. ಮೊದಲು ಮಂತ್ರಿಗಳ ಶುಭ ಸಂದೇಶ, ಆಮೇಲೆ ಆಡಳಿತ ಮಂಡಳಿಯವರ ಭಾವಚಿತ್ರಗಳು, ನಡುವೆ ಸ್ಟೀಲ್ ಪಾತ್ರೆ ಅಂಗಡಿಯ ಜಾಹೀರಾತು, ಅದಾದ ಮೇಲೆ ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು’.

ಈ ಕೊನೆಯ ಪುಟಗಳನ್ನು ನಾನು ನಿಧಾನವಾಗಿ ಓದುತ್ತೇನೆ. ಒಬ್ಬರು ತಹಸೀಲ್ದಾರರಾಗಿದ್ದಾರೆ. ಇನ್ನೊಬ್ಬರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಮತ್ತೊಬ್ಬರು ಸಾಫ್ಟ್‌ವೇರ್ ಕಂಪೆನಿ ಸೇರಿ ಅಮೆರಿಕದಲ್ಲಿದ್ದಾರೆ. ಒಬ್ಬರು ಧಾರಾವಾಹಿಗಳಲ್ಲಿ ಮಾವನ ಪಾತ್ರ ಮಾಡುತ್ತಾರೆ. ಎಲ್ಲರ ಹೆಸರು, ಫೋಟೋ, ಬ್ಯಾಚು ಎಲ್ಲವೂ ಇರುತ್ತದೆ. ಕಡೆಯಲ್ಲಿ ಒಂದೇ ಒಂದು ಸಾಲು: ‘ಇನ್ನುಳಿದ ಅನೇಕರು ರಾಜ್ಯದ ವಿವಿಧ ಶಾಲೆಗಳಲ್ಲಿ ಶಿಕ್ಷಕರಾಗಿ ಸೇವೆ ಸಲ್ಲಿಸುತ್ತಿದ್ದಾರೆ.’

ನೋಡಿ, ಶಿಕ್ಷಕರನ್ನು ತಯಾರು ಮಾಡಲೆಂದೇ ಹುಟ್ಟಿದ ಕಾಲೇಜು, ಶಿಕ್ಷಕ ವೃತ್ತಿ ಬಿಟ್ಟುಹೋದವರನ್ನು ಮೆರವಣಿಗೆ ಮಾಡಿ, ಆ ವೃತ್ತಿಯಲ್ಲೇ ನಿಂತವರನ್ನು ‘ಇನ್ನುಳಿದ ಅನೇಕರು’ ಎಂಬ ಮೂಟೆಯಲ್ಲಿ ಕಟ್ಟಿ ಮೂಲೆಗಿಡುತ್ತದೆ. ಅಡುಗೆ ಕಲಿಸುವ ಶಾಲೆಯೊಂದು, ಸೌಟು ಬಿಸಾಡಿ ಹೋದವರ ಫೋಟೋ ಹಾಕಿಕೊಂಡ ಹಾಗೆ. ಅಧ್ಯಾಪಕರ ಸಾಧನೆಯ ಪುಟವೂ ಇದಕ್ಕಿಂತ ಮೇಲೇನಲ್ಲ. ಎಷ್ಟು ವಿಚಾರ ಸಂಕಿರಣ, ಎಷ್ಟು ಪ್ರಬಂಧ, ಎಷ್ಟು ಪಿಎಚ್.ಡಿ. ಎಂಬ ಲೆಕ್ಕ ಇರುತ್ತದೆ. ಅವರ ಕೈಯಲ್ಲಿ ಪಳಗಿದವನು ಯಾವ ಊರಿನ ಯಾವ ಶಾಲೆಯಲ್ಲಿ ಬೆಳಕಿನ ವಕ್ರೀಭವನವನ್ನು ಮಕ್ಕಳ ತಲೆಗೆ ಹೋಗುವಂತೆ ಹೇಳಿಕೊಟ್ಟ ಎಂಬ ಲೆಕ್ಕ ಎಲ್ಲೂ ಇರುವುದಿಲ್ಲ.

ಲೆಕ್ಕ ಇಡುವುದು ಕಷ್ಟ, ಒಪ್ಪುತ್ತೇನೆ. ಹೈಸ್ಕೂಲಿನಲ್ಲಿ ನಾವು ಕೆಲೊರಿಮೀಟರ್ ಪ್ರಯೋಗ ಮಾಡಿಸುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಕಾಯಿಸಿದ ಲೋಹದ ಗುಂಡಿನಲ್ಲಿ ಎಷ್ಟು ಉಷ್ಣವಿತ್ತು ಎಂದು ಗುಂಡನ್ನೇ ದಿಟ್ಟಿಸಿ ಹೇಳಲು ಬರುವುದಿಲ್ಲ. ಅದನ್ನು ನೀರಿಗೆ ಹಾಕಬೇಕು. ನೀರು ಎಷ್ಟು ಬಿಸಿಯಾಯಿತು ಎಂದು ನೋಡಿ ಗುಂಡಿನ ಲೆಕ್ಕ ಕಟ್ಟಬೇಕು. ಬಿ.ಎಡ್. ಕಾಲೇಜಿನದು ಇನ್ನೂ ಒಂದು ಪಾತ್ರೆ ಆಚೆಗಿನ ಲೆಕ್ಕ. ಅಲ್ಲಿನ ಅಧ್ಯಾಪಕರ ಕಾವು ಮೊದಲು ತರಬೇತಿಯ ವಿದ್ಯಾರ್ಥಿಗೆ ತಾಗಬೇಕು, ಅವನಿಂದ ಶಾಲೆಯ ಮಕ್ಕಳಿಗೆ ತಾಗಬೇಕು. ಅಷ್ಟು ಹೊತ್ತಿಗೆ ಹತ್ತಿಪ್ಪತ್ತು ವರ್ಷ ಕಳೆದಿರುತ್ತದೆ. ಸ್ಮರಣ ಸಂಚಿಕೆಯ ಸಂಪಾದಕರಿಗೆ ಅಷ್ಟು ಕಾಯುವ ವ್ಯವಧಾನವೆಲ್ಲಿ?

ಹಾಗಾದರೆ ಕಾಲ ಸಾಕಷ್ಟು ಕಳೆದಿರುವ ಕಡೆ ನೋಡೋಣ. ಕನ್ನಡ ನಾಡಿನಲ್ಲಿ ಇದಕ್ಕೆ ಧಾರವಾಡಕ್ಕಿಂತ ಹಳೆಯ, ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. 19ನೇ ಶತಮಾನದ ನಡುಭಾಗದಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಆ ಸೀಮೆಯ ಶಾಲೆಗಳಲ್ಲಿ ಮರಾಠಿಯದೇ ಕಾರುಬಾರು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಬೇಕೆಂದರೆ ಶಾಲೆಗಳನ್ನು ತೆರೆದರಷ್ಟೇ ಸಾಲದು, ಅವುಗಳಿಗೆ ಮಾಸ್ತರರು ಬೇಕು, ಮಾಸ್ತರರಿಗೆ ತರಬೇತಿ ಬೇಕು. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಚನ್ನಬಸಪ್ಪನವರು ಕೈಹಾಕಿದ್ದು ಈ ಕೆಲಸಕ್ಕೆ. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಅವರು ಮುಂದೆ ವಿದ್ಯಾ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿ ‘ಡೆಪ್ಯುಟಿ ಚನ್ನಬಸಪ್ಪ’ ಎಂದೇ ಹೆಸರಾದರು. ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ ಬಂದಿದ್ದವರು ಅವರು. ಎಂಜಿನಿಯರಿಂಗ್ ಓದಿ ಮಾಸ್ತರಿಕೆಗೆ ಬಂದರು ಎಂದರೆ ಇಂದು ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಕಡೆ ಯಾರೂ ನಂಬಲಿಕ್ಕಿಲ್ಲ!

ಶೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದವರೆಂದು ಸಾಹಿತ್ಯ ಚರಿತ್ರೆಯಲ್ಲಿ ಅವರಿಗೆ ಒಂದು ಸಾಲು ಮೀಸಲಾಗಿದೆ. ನನ್ನಂಥವನಿಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅವರ ಕಾಲದಲ್ಲಿ ತರಬೇತಿ ಪಡೆದು ಹಳ್ಳಿಗಳಿಗೆ ಹೋದ ಕನ್ನಡ ಮಾಸ್ತರರ ಸಾಲು. ಈ ಮಾಸ್ತರರಿಗಾಗಿ ಒಂದು ಪತ್ರಿಕೆಯೂ ಹುಟ್ಟಿಕೊಂಡಿತು. 1865ರಲ್ಲಿ ‘ಮಠಪತ್ರಿಕೆ’ ಎಂಬ ಹೆಸರಿನಲ್ಲಿ ಆರಂಭವಾದ ಅದು ಮುಂದೆ ‘ಜೀವನ ಶಿಕ್ಷಣ’ವಾಗಿ ಶಿಕ್ಷಕರ ಕೈಸೇರುತ್ತ ಬಂದಿದೆ. ಆಗ ಶಾಲೆಗೆ ಮಠವೆಂದೇ ಹೆಸರಿತ್ತಲ್ಲ. ಇಷ್ಟು ಹಳೆಯ ಕನ್ನಡ ಪತ್ರಿಕೆ ಯಾವುದು ಎಂದು ರಸಪ್ರಶ್ನೆಯಲ್ಲಿ ಕೇಳಿದರೆ ನಮ್ಮ ಶಿಕ್ಷಕರಲ್ಲೇ ಅರ್ಧ ಮಂದಿ ತಲೆ ಕೆರೆದುಕೊಳ್ಳುತ್ತಾರೆ.

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು, ಆಮೇಲೆ ಏಕೀಕರಣದ ಮಾತು ಎದ್ದಿತು. ಅವೆಲ್ಲವನ್ನೂ ನಾವು ಮುಂದಾಳುಗಳ ಹೆಸರಿನಲ್ಲಿ ಓದುತ್ತೇವೆ. ಆ ಭಾಷಣಗಳನ್ನು ಕೇಳಿ ತಲೆದೂಗಿದವರಿಗೆ, ಕರಪತ್ರ ಓದಿದವರಿಗೆ, ಕನ್ನಡದ ಅಕ್ಷರ ತಿದ್ದಿಸಿದವರು ಯಾರು? ಆ ‘ಇನ್ನುಳಿದ ಅನೇಕರು’.

ದಕ್ಷಿಣದ ಕಡೆ ಇನ್ನೊಂದು ಬಗೆ. ಮದರಾಸು ಆಧಿಪತ್ಯದಲ್ಲಿ ಪದವೀಧರರು ಮೇಷ್ಟ್ರಾಗಬೇಕಾದರೆ ಎಲ್.ಟಿ. ಮಾಡಬೇಕಿತ್ತು, ಅದಕ್ಕೆ ಸೈದಾಪೇಟೆಯ ಟೀಚರ್ಸ್ ಕಾಲೇಜು ಪ್ರಸಿದ್ಧ. 1910ರಲ್ಲಿ ಅಲ್ಲಿಗೆ ತರಬೇತಿಗೆಂದು ಇಪ್ಪತ್ತೆರಡರ ತರುಣ ಉಪನ್ಯಾಸಕರೊಬ್ಬರು ಬಂದರು, ಸರ್ವೇಪಲ್ಲಿ ರಾಧಾಕೃಷ್ಣನ್. ಮನಃಶಾಸ್ತ್ರದಲ್ಲಿ ಈ ವಿದ್ಯಾರ್ಥಿಯ ತಿಳಿವಳಿಕೆ ಕಂಡ ಅಲ್ಲಿನ ಅಧ್ಯಾಪಕರು, ನೀವು ಪಾಠ ಕೇಳುವುದು ಬೇಡ, ನಿಮ್ಮ ಸಹಪಾಠಿಗಳಿಗೆ ನೀವೇ ಪಾಠ ಹೇಳಿ ಎಂದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಹಾಗೆ ಹೇಳಿದ ಪಾಠಗಳು 1912ರಲ್ಲಿ ಪುಸ್ತಕವಾದವು. 1918ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಬಂದದ್ದು, 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರು ಕುದುರೆ ಬಿಚ್ಚಿ ಗಾಡಿಯನ್ನು ತಾವೇ ರೈಲ್ವೆ ಸ್ಟೇಷನ್ನಿಗೆ ಎಳೆದದ್ದು ಎಲ್ಲರಿಗೂ ಗೊತ್ತು. 1962ರಿಂದ ಪ್ರತಿ ಸೆಪ್ಟೆಂಬರ್ 5ರಂದು ನಮ್ಮ ಕೊರಳಿಗೆ ಹಾರ ಬೀಳುವುದಕ್ಕೂ ಅವರೇ ಕಾರಣ. ನನ್ನ ಮನಸ್ಸು ಮಾತ್ರ ಆ ಸೈದಾಪೇಟೆಯ ಅಧ್ಯಾಪಕರ ಕಡೆಗೆ ಹೋಗುತ್ತದೆ. ತರಗತಿಯಲ್ಲಿ ತನಗಿಂತ ಹೆಚ್ಚು ತಿಳಿದ ಹುಡುಗ ಕೂತಿದ್ದಾನೆಂದು ಗೊತ್ತಾದಾಗ ಪೀಠ ಬಿಟ್ಟು ಪಕ್ಕಕ್ಕೆ ಸರಿದರಲ್ಲ, ಅದು ಯಾವ ಪದವಿಗೆ ಕಡಿಮೆ?

ಎಲ್.ಟಿ. ಮಾಡಿದ ಕನ್ನಡದ ಮೇಷ್ಟ್ರೆಂದರೆ ಪಂಜೆ ಮಂಗೇಶರಾಯರು. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಪಾಠ ಹೇಳಿ, ಶಾಲೆಗಳ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿ, ಮಡಿಕೇರಿಯಲ್ಲಿ ಹೆಡ್‌ಮಾಸ್ತರಾದವರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ಮಕ್ಕಳ ಪದ್ಯಗಳು ಹುಟ್ಟಿದ್ದು ಬರೆಯುವ ಚಪಲದಿಂದಷ್ಟೇ ಅಲ್ಲ. ಮಕ್ಕಳಿಗೆ ಓದಲು ಏನೂ ಇಲ್ಲವಲ್ಲ ಎಂಬ ಮೇಷ್ಟ್ರ ಪೇಚಾಟ ಅವುಗಳ ಹಿಂದಿದೆ. ತರಗತಿಯ ಕೊರತೆಯನ್ನು ಕಂಡು ಅದನ್ನು ತುಂಬಲು ತಾನೇ ಕೂತು ಬರೆದರು.

ಇಷ್ಟು ಹಳೆಯ ಮಾತು. ಇನ್ನು ನಮ್ಮ ಕಾಲಕ್ಕೆ, ನನ್ನ ವಿಷಯವಾದ ವಿಜ್ಞಾನಕ್ಕೆ ಬರೋಣ. ಇಲ್ಲಿ ಹೇಳಲೇಬೇಕಾದ ಕಾಲೇಜು ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ನಾನು ಅಲ್ಲಿ ಓದಿದವನಲ್ಲ, ಆದ್ದರಿಂದ ಹೊಗಳಲು ಸಂಕೋಚವಿಲ್ಲ.

1963ರಲ್ಲಿ ಎನ್.ಸಿ.ಇ.ಆರ್.ಟಿ. ದೇಶದ ನಾಲ್ಕು ದಿಕ್ಕಿಗೆ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ಆರಂಭಿಸಿತು: ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರು. ಆಗ ಅವುಗಳನ್ನು ತೆರೆದ ಉದ್ದೇಶವೇ ಬೇರೆ. 1952-53ರ ಮುದಲಿಯಾರ್ ಆಯೋಗ ‘ಬಹೂದ್ದೇಶ ಪ್ರೌಢಶಾಲೆ’ ಎಂಬ ಕಲ್ಪನೆಯನ್ನು ಕೊಟ್ಟಿತ್ತು. ಹೈಸ್ಕೂಲಿನಲ್ಲೇ ತಾಂತ್ರಿಕ ವಿದ್ಯೆ, ವ್ಯವಸಾಯ, ವಾಣಿಜ್ಯ, ಗೃಹವಿಜ್ಞಾನಗಳ ಕವಲುಗಳಿರಬೇಕು ಎಂಬುದು ಅದರ ಸಾರ. ಅಂಥ ಶಾಲೆಗಳಿಗೆ ಮೇಷ್ಟ್ರುಗಳು ಬೇಕಲ್ಲ, ಅವರನ್ನು ತಯಾರಿಸಲು ಈ ಕಾಲೇಜುಗಳು. ಬಹೂದ್ದೇಶ ಶಾಲೆಗಳು ಬೇರೂರಲಿಲ್ಲ. ಲೇತು, ಹುರಿ, ಗರಗಸ ಇಟ್ಟ ಶಾಲಾ ವರ್ಕ್‌ಶಾಪುಗಳು ಎಷ್ಟೋ ಕಡೆ ಮುರಿದ ಬೆಂಚುಗಳ ಗೋದಾಮಾದವು. ಪೀಣ್ಯದ ಕಡೆಯಿಂದ ಬರುವ ನನಗೆ ಇದು ನೋವಿನ ಸಂಗತಿ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಮೈಸೂರಿನ ಸಂಸ್ಥೆಯ ಪ್ರಾತ್ಯಕ್ಷಿಕ ಶಾಲೆಯ ಹೆಸರಿನಲ್ಲಿ ಮಾತ್ರ ‘ಬಹೂದ್ದೇಶ’ ಎಂಬ ಮಾತು ಉಳಿದುಕೊಂಡಿತು.

ಮೂಲ ಉದ್ದೇಶ ಮುರುಟಿಹೋದರೂ ಅದರ ಮಗ್ಗುಲಲ್ಲಿ ನೆಟ್ಟ ಇನ್ನೊಂದು ಗಿಡ ಬದುಕಿತು. ಅದೇ ನಾಲ್ಕು ವರ್ಷದ ಬಿ.ಎಸ್ಸಿ.ಎಡ್. ಪದವಿ. ನಮ್ಮಂಥವರು ಮೂರು ವರ್ಷ ಬಿ.ಎಸ್ಸಿ. ಓದಿ, ಬೇರೆ ಕೆಲಸ ಸಿಗುತ್ತದೋ ಎಂದು ಅತ್ತಿತ್ತ ನೋಡಿ, ಸಿಗದಿದ್ದಾಗ ಬಿ.ಎಡ್. ಅರ್ಜಿ ಹಾಕಿದವರು. ಒಂದು ವರ್ಷ, ಅದರಲ್ಲೂ ಪ್ರವೇಶ, ಪರೀಕ್ಷೆ, ಹಬ್ಬ ಕಳೆದರೆ ಏಳೆಂಟು ತಿಂಗಳು. ಎರಡು ವಿಷಯಕ್ಕೆ ಇಪ್ಪತ್ತಿಪ್ಪತ್ತು ಪಾಠ, ಅವುಗಳ ಪಾಠ ಯೋಜನೆಗೆ ಕೆಂಪು ಗೆರೆ ಎಳೆದ ದಪ್ಪ ಪುಸ್ತಕ, ಚಾರ್ಟಿಗೆ ಬಣ್ಣ. ಸೂಕ್ಷ್ಮಬೋಧನೆ ಎಂಬುದೊಂದಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಹುಟ್ಟಿ ನಮ್ಮ ಕಾಲೇಜುಗಳವರೆಗೆ ಬಂದ ಪದ್ಧತಿ. ಐದಾರು ನಿಮಿಷದ ಪಾಠ, ಎದುರಿಗೆ ಮಕ್ಕಳ ವೇಷದಲ್ಲಿ ಮೀಸೆ ಬಂದ ಸಹಪಾಠಿಗಳು. ‘ಸಸ್ಯಗಳು ಆಹಾರವನ್ನು ಹೇಗೆ ತಯಾರಿಸುತ್ತವೆ ಮಕ್ಕಳೇ?’ ಎಂದು ಕೇಳಿದರೆ ಹಿಂದಿನ ಬೆಂಚಿನ ‘ಮಗು’ ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಸರಿದೂಗಿಸಿಯೇ ಹೇಳಿಬಿಡುತ್ತಿತ್ತು. ನಿಜವಾದ ಎಂಟನೇ ತರಗತಿಗೆ ಹೋದಾಗ ಅಂಥ ಮಗು ಒಂದೂ ಸಿಗಲಿಲ್ಲ.

ಮೈಸೂರಿನ ಕ್ರಮ ಇದಕ್ಕೆ ಪೂರಾ ಬೇರೆ. ಪಿ.ಯು.ಸಿ. ಮುಗಿದ ಕೂಡಲೇ, ನಾನು ಮೇಷ್ಟ್ರಾಗುತ್ತೇನೆ ಎಂದು ನಿರ್ಧರಿಸಿದ ಹುಡುಗ ಹುಡುಗಿಯರು ಸೇರುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತವನ್ನೋ ಜೀವವಿಜ್ಞಾನವನ್ನೋ ಓದುತ್ತಲೇ ಅದನ್ನು ಹೇಳಿಕೊಡುವುದು ಹೇಗೆ ಎಂಬುದನ್ನೂ ಕಲಿಯುತ್ತಾರೆ. ಆವರಣದಲ್ಲೇ ಪ್ರಾತ್ಯಕ್ಷಿಕ ಶಾಲೆ ಇದೆ, ನಿಜವಾದ ಮಕ್ಕಳಿದ್ದಾರೆ. ಓಮ್‌ನ ನಿಯಮವನ್ನು ಬೆಳಿಗ್ಗೆ ತಾನು ಕಲಿತವನು, ಒಂಬತ್ತು ಹತ್ತನೇ ತರಗತಿಯ ಮಗು ಅದರಲ್ಲಿ ಎಲ್ಲಿ ಎಡವುತ್ತದೆ ಎಂಬುದನ್ನೂ ಅದೇ ವರ್ಷದಲ್ಲಿ ನೋಡಬಹುದು. ವಿಷಯ ಒಂದು ಕಡೆ, ಬೋಧನಾ ಕ್ರಮ ಇನ್ನೊಂದು ಕಡೆ ಎಂಬ ಎರಡು ದೋಣಿಯ ಪ್ರಯಾಣ ಇಲ್ಲಿಲ್ಲ. ಇದರ ಜೊತೆಗೆ, ಆಗಲೇ ಕೆಲಸದಲ್ಲಿದ್ದು ತರಬೇತಿ ಇಲ್ಲದ ಮೇಷ್ಟ್ರುಗಳಿಗೆ ಬೇಸಿಗೆ ರಜೆಯಲ್ಲಿ ತರಗತಿ, ಉಳಿದ ಕಾಲಕ್ಕೆ ಅಂಚೆಯ ಮೂಲಕ ಪಾಠ ಎಂಬ ಬಿ.ಎಡ್. ಅನ್ನೂ ಈ ಪ್ರಾದೇಶಿಕ ಕಾಲೇಜುಗಳು ನಡೆಸಿದವು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಎರಡು ಬೇಸಿಗೆ ಕಾಲ ಹಾಸ್ಟೆಲಿನಲ್ಲಿ ಕೂತು ಓದಿದ ನಡುವಯಸ್ಸಿನ ಮೇಷ್ಟ್ರುಗಳನ್ನು ಯಾವ ಹಳೆಯ ವಿದ್ಯಾರ್ಥಿ ಸಂಘ ನೆನೆಯುತ್ತದೆ?

ಈ ಸಂಸ್ಥೆಯ ಹೆಸರು ಈಗ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಅಲ್ಲಿ ಓದಿದವರು ದಕ್ಷಿಣದ ಎಲ್ಲ ರಾಜ್ಯಗಳ ಶಾಲೆಗಳಲ್ಲಿ ಹರಡಿದ್ದಾರೆ. ವಿಜ್ಞಾನ ಶಿಕ್ಷಕರ ತರಬೇತಿ ಶಿಬಿರಗಳಿಗೆ ಹೋದಾಗ, ಪಠ್ಯಪುಸ್ತಕ ಬಿಟ್ಟು ಪ್ರಶ್ನೆ ಕೇಳುವವರ ಪೂರ್ವಾಪರ ವಿಚಾರಿಸಿ ನೋಡಿ, ನಾಲ್ಕರಲ್ಲಿ ಒಬ್ಬರಾದರೂ ‘ನಾನು ಆರ್.ಸಿ.ಇ.’ ಎಂದು ಹಳೆಯ ಹೆಸರನ್ನೇ ಹೇಳಿ ಎದೆಯುಬ್ಬಿಸುತ್ತಾರೆ. ಇದು ನನ್ನ ಅನುಭವದ ಲೆಕ್ಕವೇ ಹೊರತು ಸರ್ಕಾರಿ ಅಂಕಿಅಂಶವಲ್ಲ.

ಆದರೆ ಅದರ ದೊಡ್ಡ ಸಾಧನೆ ಯಾವ ಒಬ್ಬ ವ್ಯಕ್ತಿಯದೂ ಅಲ್ಲ. 2012ರಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಆಯೋಗ ದೇಶದ ಶಿಕ್ಷಕ ಶಿಕ್ಷಣದ ಸ್ಥಿತಿಯನ್ನು ಪರಿಶೀಲಿಸಿತು. ಅದನ್ನೇ ಆಧರಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಬಿಡಿಬಿಡಿಯಾಗಿ ನಿಂತಿರುವ ಹತ್ತು ಸಾವಿರಕ್ಕೂ ಹೆಚ್ಚು ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಗಂಭೀರವಾಗಿ ಕಲಿಸುವ ಪ್ರಯತ್ನವನ್ನೇ ಮಾಡದೆ ಪದವಿ ಮಾರುತ್ತಿವೆ ಎಂಬ ಅರ್ಥದ ಮಾತನ್ನು ಬರೆದುಬಿಟ್ಟಿತು. ಸರ್ಕಾರಿ ದಾಖಲೆಯಲ್ಲಿ ಇಷ್ಟು ಖಾರದ ಮಾತು ಅಪರೂಪ. ಅದಕ್ಕೆ ಮದ್ದಾಗಿ ಅದೇ ನೀತಿ ಹೇಳಿದ್ದೇನು? 2030ರ ಹೊತ್ತಿಗೆ ಶಿಕ್ಷಕರಾಗುವವರಿಗೆ ನಾಲ್ಕು ವರ್ಷದ ಸಮಗ್ರ ಬಿ.ಎಡ್. ಪದವಿಯೇ ಕನಿಷ್ಠ ಅರ್ಹತೆಯಾಗಬೇಕು ಎಂದು. ಮೈಸೂರು ಮತ್ತು ಅದರ ಮೂರು ಸೋದರ ಕಾಲೇಜುಗಳು ಯಾವುದನ್ನು 1960ರ ದಶಕದಿಂದ ಮಾಡುತ್ತ ಬಂದಿದ್ದವೋ ಅದನ್ನು! ನಡುವೆ ಎಷ್ಟು ಸಲ ಇದು ದುಬಾರಿ, ಇದು ನಮ್ಮ ದೇಶಕ್ಕೆ ಒಗ್ಗದು ಎಂಬ ಟೀಕೆ ಬಂದಿತ್ತೋ. ಸುಮಾರು ಅರವತ್ತು ವರ್ಷ ಒಂದು ಪ್ರಯೋಗವನ್ನು ಕೈಬಿಡದೆ ನಡೆಸಿದ ಅಧ್ಯಾಪಕರ ಸಾಲು ಅದು. ಒಬ್ಬರು ನಿವೃತ್ತರಾದರೆ ಇನ್ನೊಬ್ಬರು ಅದೇ ಪ್ರಯೋಗಶಾಲೆಯ ಬೀಗದ ಕೈ ತೆಗೆದುಕೊಂಡರು. ಇದಕ್ಕೆ ಯಾರ ಫೋಟೋ ಹಾಕುತ್ತೀರಿ?

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಹೊರಭಾಗದ ಈ ಪಟ್ಟಿಯಲ್ಲಿ ಕಾರ್ಖಾನೆಗಳೇ ಊರುಗಳನ್ನು ಕಟ್ಟಿದವು. 1948ರಲ್ಲಿ ಐ.ಟಿ.ಐ. ಬಂದು ದೂರವಾಣಿನಗರವಾಯಿತು. 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಬಂದು ಜಾಲಹಳ್ಳಿಯ ಚಹರೆ ಬದಲಾಯಿತು. 1970ರ ದಶಕದಲ್ಲಿ ಪೀಣ್ಯ. 1978ರಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಗಲ್ಲಾದರು. 1990ರ ದಶಕದ ಕೊನೆಗೆ ವೈಟ್‌ಫೀಲ್ಡ್‌ನಲ್ಲಿ ಐ.ಟಿ.ಪಿ.ಎಲ್. ತಲೆಯೆತ್ತಿತು. ನಾವು ಬಿ.ಎಡ್. ಮುಗಿಸಿದ್ದು ಅದೇ ದಶಕ. ಗಣಿತ, ಭೌತಶಾಸ್ತ್ರ ಚೆನ್ನಾಗಿ ಬಲ್ಲ ನನ್ನ ಸಹಪಾಠಿಗಳು ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ ಆ ಗಾಜಿನ ಕಟ್ಟಡಗಳ ಕಡೆ ಬಸ್ಸು ಹತ್ತಿದರು. ಅವರನ್ನು ದೂರುವುದು ಸಲ್ಲ. ತಂಗಿಯ ಮದುವೆ, ಊರಿನ ಸಾಲ ಯಾರನ್ನು ಬಿಟ್ಟಿದೆ? ಸ್ಮರಣ ಸಂಚಿಕೆಯ ಹೆಮ್ಮೆಯ ಪುಟದಲ್ಲಿರುವವರು ಅವರೇ.

ಖಾಲಿಯಾದ ಜಾಗ ಮಾತ್ರ ಖಾಲಿಯಾಗಿಯೇ ಉಳಿಯಿತು. ಈ ಪಟ್ಟಿಯ ಎಷ್ಟೋ ಸಣ್ಣ ಖಾಸಗಿ ಶಾಲೆಗಳಲ್ಲಿ ವಿಜ್ಞಾನದ ಮೇಡಂಗೆ ಕೊಡುವ ಸಂಬಳ ಕೇಳಿದರೆ ಪಕ್ಕದ ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ಮರುಕ ಪಡುತ್ತಾನೆ. ಸರ್ಕಾರಿ ಶಾಲೆಗಳಲ್ಲಿ ಜೂನ್ ಬಂದರೆ ಅತಿಥಿ ಶಿಕ್ಷಕರ ಹುಡುಕಾಟ. 2022ರಲ್ಲಿ ರಾಜ್ಯ ಸರ್ಕಾರ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆಸಿದಾಗ ಅಷ್ಟೂ ಹುದ್ದೆ ತುಂಬುವಷ್ಟು ಜನ ಆಯ್ಕೆಯಾಗಲಿಲ್ಲ. ಬಿ.ಎಡ್. ಪದವೀಧರರು ಬೀದಿ ತುಂಬ ಇದ್ದಾರೆ ಎನ್ನುತ್ತೇವಲ್ಲ, ಹಾಗಿದ್ದೂ ಹೀಗೆ.

ಇಲ್ಲಿನ ತರಗತಿಗೆ ಎಂಥ ಮೇಷ್ಟ್ರು ಬೇಕು ಎಂಬುದನ್ನೂ ಹೇಳಬೇಕು. ಪೀಣ್ಯದ ಸುತ್ತಿನ ಶಾಲೆಯ ಒಂದೇ ಬೆಂಚಿನಲ್ಲಿ ಯಾದಗಿರಿಯ ಹುಡುಗಿ, ಅನಂತಪುರದ ಕಡೆಯವಳು, ಬಿಹಾರದಿಂದ ಅಪ್ಪನ ಜೊತೆ ಬಂದವಳು ಕೂತಿರುತ್ತಾರೆ. ಅಪ್ಪಂದಿರು ಲೇತಿನಲ್ಲಿ, ಪ್ರೆಸ್ಸಿನಲ್ಲಿ, ಪ್ಲೇಟಿಂಗ್ ಶಾಪಿನಲ್ಲಿ ಕೆಲಸ ಮಾಡುವವರು. ಇವರಲ್ಲಿ ಕೆಲವರಿಗೆ ವರ್ನಿಯರ್ ಹಿಡಿಯುವುದು ನಾವು ಹೇಳಿಕೊಡುವ ಮೊದಲೇ ಗೊತ್ತಿರುತ್ತದೆ. ವಿಜ್ಞಾನದ ಪಾಠದಲ್ಲಿ ವಿದ್ಯುಲ್ಲೇಪನದ ಮಾತು ಬರುತ್ತದೆ: ಆನೋಡ್, ಕ್ಯಾಥೋಡ್, ಚಿತ್ರ ಬರೆದು ಭಾಗ ಗುರುತಿಸಿ, ನಾಲ್ಕು ಅಂಕ. ಆದರೆ ಎರಡು ಬೀದಿ ಆಚೆ ಕ್ರೋಮ್ ಪ್ಲೇಟಿಂಗ್ ನಡೆಯುತ್ತಿದೆ, ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡಿದೆ, 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳನ್ನು ಅಳೆದಾಗ ಪೀಣ್ಯ ಮಾಲಿನ್ಯ ತೀವ್ರವಾದ ಜಾಗಗಳ ಸಾಲಿಗೆ ಸೇರಿತ್ತು.

ಆಗ ಮಗು ಕೇಳುತ್ತದೆ, ‘ಸಾರ್, ನಮ್ಮ ಬೋರ್‌ವೆಲ್ ನೀರು ಹಳದಿ ಬರುತ್ತೆ, ಅದೂ ಇದೇನಾ?’ ಈ ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿಲ್ಲ. ಹಳದಿ ಬಣ್ಣ ಕಬ್ಬಿಣದಿಂದಲೂ ಬರಬಹುದು, ಕ್ರೋಮಿಯಂನಿಂದಲೂ ಬರಬಹುದು, ಕಣ್ಣಿನಿಂದ ನೋಡಿ ತೀರ್ಮಾನಿಸಬಾರದು, ಬಣ್ಣವೇ ಇಲ್ಲದಿದ್ದರೂ ನೀರು ಒಳ್ಳೆಯದೆಂದು ನಂಬಬಾರದು, ಪರೀಕ್ಷೆಗೆ ಕಳಿಸಬೇಕು ಎಂದು ಮಗುವಿಗೆ ಹೇಳಲು ಬರಬೇಕು. ನಮ್ಮ ಪ್ರಯೋಗಶಾಲೆಯ ಕಪಾಟಿನ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿರುವ ಕ್ರೋಮಿಯಂ ಹೆಚ್ಚು ವಿಷದ ಜಾತಿಯದು, ಹಸಿರು ಬಣ್ಣದ ಲವಣದಲ್ಲಿರುವುದು ಅಷ್ಟು ವಿಷವಲ್ಲ ಎಂಬ ವ್ಯತ್ಯಾಸ ಗೊತ್ತಿರಬೇಕು. ಅದನ್ನು ಹೆದರಿಸದೆ ಹೇಳಲೂ ಬೇಕು, ಏಕೆಂದರೆ ಅದೇ ಪ್ಲೇಟಿಂಗ್ ಶಾಪಿನ ಸಂಬಳದಲ್ಲಿ ಆ ಮಗುವಿನ ಮನೆ ನಡೆಯುತ್ತಿದೆ. ವೈಟ್‌ಫೀಲ್ಡ್ ಕಡೆಯ ಮೇಷ್ಟ್ರಿಗೂ ಇದೇ ಪಾಡು. 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ, 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಾಗ ಮಕ್ಕಳು ಬಂದು ‘ನೀರಿಗೆ ಹೇಗೆ ಸಾರ್ ಬೆಂಕಿ ಹತ್ತುತ್ತೆ?’ ಎಂದು ಕೇಳಿದ್ದು ಮೇಷ್ಟ್ರನ್ನೇ.

ಪೇಟೆಯ ಬಿ.ಎಡ್. ಇದಕ್ಕೆ ತಯಾರು ಮಾಡುವುದಿಲ್ಲ. 2015ರಿಂದ ಕೋರ್ಸು ಎರಡು ವರ್ಷಕ್ಕೆ ಹಿಗ್ಗಿದೆ, ಪಾಠ ಯೋಜನೆಯ ಪುಸ್ತಕವೂ ಅಷ್ಟೇ ಹಿಗ್ಗಿದೆ. ಹಾಜರಾತಿಗೆ ಹಣ ಕಟ್ಟಿ ಮನೆಯಲ್ಲಿ ಕೂತು ಪದವಿ ಪಡೆದವರ ಕಥೆ ನಮ್ಮ ಸಿಬ್ಬಂದಿ ಕೊಠಡಿಗಳಲ್ಲಿ ಹೊಸತೇನಲ್ಲ.

ನಮ್ಮ ಪಟ್ಟಿಯಲ್ಲೇ ಬೇರೆ ಬಗೆಯ ಪ್ರಯತ್ನವೊಂದು ನಡೆದಿದೆ ಎಂಬುದನ್ನು ಬಿಡಬಾರದು. 2010ರಲ್ಲಿ ರಾಜ್ಯದ ಕಾಯ್ದೆಯಿಂದ ಸ್ಥಾಪನೆಯಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಎಲೆಕ್ಟ್ರಾನಿಕ್ ಸಿಟಿಯ ಬಳಿ, ಹೊಸೂರು ರಸ್ತೆಯ ಮಗ್ಗುಲಿನ ಕಟ್ಟಡದಲ್ಲಿ 2011ರಲ್ಲಿ ಶಿಕ್ಷಣದ ಎಂ.ಎ. ತರಗತಿಗಳನ್ನು ಆರಂಭಿಸಿತು. ಆಮೇಲೆ ಸರ್ಜಾಪುರದ ಹತ್ತಿರದ ಸ್ವಂತ ಆವರಣಕ್ಕೆ ಹೋಯಿತು. ಸಾಫ್ಟ್‌ವೇರ್‌ನಿಂದ ಬಂದ ಹಣ ಶಿಕ್ಷಕರ ಶಿಕ್ಷಣಕ್ಕೆ ತಿರುಗಿದ್ದು ಸಾಫ್ಟ್‌ವೇರ್ ಕಂಪೆನಿಗಳ ಮಗ್ಗುಲಲ್ಲೇ. ಅಲ್ಲಿ ಪಾಠ ಹೇಳಿದವರಲ್ಲಿ ರೋಹಿತ್ ಧನಕರ್ ಅಂಥವರಿದ್ದರು. ಜೈಪುರದಲ್ಲಿ ‘ದಿಗಂತರ್’ ಎಂಬ ಸಂಸ್ಥೆ ಕಟ್ಟಿ, ಶಾಲೆ ನಡೆಸಿ, ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಬಂದವರು. ಮಕ್ಕಳಿಗೆ ಕಲಿಸಿದ ಅನುಭವವಿರುವವರು ಶಿಕ್ಷಕರಿಗೆ ಕಲಿಸಬೇಕು ಎಂಬುದು ಸರಳವಾದ ಮಾತು, ಆದರೆ ಎಷ್ಟು ಕಾಲೇಜುಗಳಲ್ಲಿ ನಡೆಯುತ್ತದೆ? ಅಲ್ಲಿಂದ ಹೊರಬಂದವರಲ್ಲಿ ಹಲವರು ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಿಗೆ ಹೋಗಿ ಸರ್ಕಾರಿ ಶಾಲೆಯ ಶಿಕ್ಷಕರ ಜೊತೆ ಕೂತು ಕೆಲಸ ಮಾಡುತ್ತಾರೆ.

ನನ್ನಂಥವನ ಮೇಜಿನವರೆಗೆ ತಲಪಿದ್ದು ಅಲ್ಲಿನ ಪತ್ರಿಕೆಗಳು. 2012ರಲ್ಲಿ ಗಣಿತಕ್ಕೆ ‘ಅಟ್ ರೈಟ್ ಆಂಗಲ್ಸ್’, 2015ರಲ್ಲಿ ವಿಜ್ಞಾನಕ್ಕೆ ‘ಐ ವಂಡರ್’. ಗಣಿತದ ಪತ್ರಿಕೆಯ ನಡುವೆ ಕಿತ್ತು ಇಟ್ಟುಕೊಳ್ಳಬಹುದಾದ ಪುಟಗಳಿರುತ್ತವೆ, ಕಾಗದ ಮಡಿಸಿ ಕತ್ತರಿಸಿ ಕಲಿಸುವುದು ಹೇಗೆಂದು. ಧಾರವಾಡದ ಮಠಪತ್ರಿಕೆಯ ವಂಶದವು ಇವು. ನನ್ನ ತಕರಾರು ಒಂದೇ: ಮೂಲ ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ಬರುವುದು ಕೆಲವು ಮಾತ್ರ. ಹಾಗೆಯೇ ಎಂ.ಎ. ಪದವಿಯಿಂದ ಮಾತ್ರ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಲು ಆಗುವುದಿಲ್ಲ, ಬಿ.ಎಡ್. ಬೇಕು. ಹೀಗಾಗಿ ಅಲ್ಲಿ ಓದಿದವರು ನಮ್ಮ ಪಕ್ಕದಲ್ಲಿ ಬಂದು ಕೂರುತ್ತಾರೆ, ನಮ್ಮ ಕುರ್ಚಿಯಲ್ಲಿ ಕೂರುವುದು ಅಪರೂಪ.

ಈಗಾಗಲೇ ಕುರ್ಚಿಯಲ್ಲಿ ಕೂತವರಿಗೂ ಒಂದು ದಾರಿ ಇದೆ. ಚಳ್ಳಕೆರೆಯ ಬಳಿ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿ 2011ರಿಂದ ವಿಜ್ಞಾನ ಶಿಕ್ಷಕರಿಗೆ ವಸತಿ ಸಹಿತ ತರಬೇತಿ ನಡೆಯುತ್ತ ಬಂದಿದೆ. ಬೆಳಿಗ್ಗೆ ಉಪನ್ಯಾಸ, ಆಮೇಲೆ ಪ್ರಯೋಗಶಾಲೆ. ಮಕ್ಕಳಂತೆ ನಾವೂ ಬ್ಯೂರೆಟ್ ಹಿಡಿದು ನಿಲ್ಲಬೇಕು. ವರ್ಷಗಟ್ಟಲೆ ಪ್ರಯೋಗಗಳನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ‘ಮಾಡಿ’ ಮುಗಿಸಿದ ಮೇಷ್ಟ್ರುಗಳ ಕೈ ಅಲ್ಲಿ ಮೊದಲ ದಿನ ನಡುಗುತ್ತದೆ, ಮೂರನೇ ದಿನಕ್ಕೆ ಊಟದ ಗಂಟೆ ಬಾರಿಸಿದರೂ ಮೇಜು ಬಿಟ್ಟು ಏಳುವುದಿಲ್ಲ. ಪೇಟೆಯ ಬಿ.ಎಡ್. ಕಾಲೇಜು ಮಾಡದ್ದನ್ನು ಅಲ್ಲಿ ಕೆಲವೇ ದಿನಗಳಲ್ಲಿ ತಕ್ಕಮಟ್ಟಿಗೆ ತುಂಬಿಕೊಡುತ್ತಾರೆ.

ಹೊಸ ನಾಲ್ಕು ವರ್ಷದ ಸಮಗ್ರ ಪದವಿ ಮೈಸೂರಿನ ಸಂಸ್ಥೆಯೂ ಸೇರಿದಂತೆ ದೇಶದ ಆಯ್ದ ಕಡೆಗಳಲ್ಲಿ 2023ರಲ್ಲಿ ಆರಂಭವಾಯಿತು. ಆ ವರ್ಷ ಸೇರಿದವರು 2027ರಲ್ಲಿ ಮುಗಿಸುವ ಲೆಕ್ಕ. ಆ ಜೂನ್ ತಿಂಗಳಲ್ಲಿ ಅವರ ಮುಂದೆಯೂ ಬಸ್ಸುಗಳು ನಿಂತಿರುತ್ತವೆ, ಒಂದು ಐ.ಟಿ.ಪಿ.ಎಲ್. ಕಡೆಗೆ, ಇನ್ನೊಂದು ಪೀಣ್ಯ ಎರಡನೇ ಹಂತಕ್ಕೆ. ನಮ್ಮ ಕಪಾಟಿನ ಕೆಲೊರಿಮೀಟರನ್ನು ಹುಣಸೆಹಣ್ಣು ಹಾಕಿ ತೊಳೆಸಿ ಇಟ್ಟಿದ್ದೇನೆ. ಥರ್ಮಾಮೀಟರುಗಳಲ್ಲಿ ಎರಡು ಇನ್ನೂ ಸರಿಯಾಗಿವೆ.